ಅರ್ಜಿ ಹಾಕಿದ್ದೀರಿ, ಫೋನ್ ಬರುತ್ತಿಲ್ಲ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ತುಮಕೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಕೆಲವು ವರ್ಷ ಡಿಟಿಪಿ ಮಾಡುತ್ತಿದ್ದೆ. ಕೆಲಸದ ಅರ್ಜಿ ಟೈಪ್ ಮಾಡಿಸಲು ದಿನಾ ಹುಡುಗರು ಬರುತ್ತಿದ್ದರು. ನಮ್ಮ ಕಂಪ್ಯೂಟರಿನಲ್ಲಿ ಒಂದು ಫೈಲ್ ರೆಡಿ ಇತ್ತು. ಹೆಸರು, ವಿಳಾಸ, ಓದು ಬದಲಿಸಿದರೆ ಮುಗೀತು. ಐದು ನಿಮಿಷದಲ್ಲಿ ಅರ್ಜಿ ಕೈಗೆ.

ಆಮೇಲೆ ನಾನೇ ಬೆಂಗಳೂರಿನ ಪೀಣ್ಯದ ಒಂದು ಚಿಕ್ಕ ಕಾರ್ಖಾನೆಯ ಆಫೀಸಿಗೆ ಸೇರಿದೆ. ಬಂದ ಅರ್ಜಿಗಳನ್ನು ವಿಂಗಡಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ದಿನ ಆ ಕಟ್ಟಿನೊಳಗೆ ‘ಲಗತಿಸಿದೆ’ ಅನ್ನುವ ಪದ ಕಣ್ಣಿಗೆ ಬಿತ್ತು. ‘ಲಗತ್ತಿಸಿದೆ’ ಅಂತ ಇರಬೇಕಿತ್ತು. ಆ ತಪ್ಪು ನನ್ನದೇ! ನಾನು ಟೈಪ್ ಮಾಡಿಟ್ಟ ಫೈಲು ಯಾರದೋ ಹೆಸರು ಹೊತ್ತು ನನ್ನ ಮೇಜಿಗೇ ಬಂದಿತ್ತು. ಪೂರ್ತಿ ಓದಿದೆ. ಆ ಹುಡುಗ ಏನು ಕೆಲಸ ಮಾಡುತ್ತಾನೆ ಅಂತ ನನಗೇ ಗೊತ್ತಾಗಲಿಲ್ಲ.

ಹಾಗಾಗಿ ಕೆಳಗೆ ಬರೆದಿರುವುದರಲ್ಲಿ ಅರ್ಧ ನನ್ನ ತಪ್ಪೊಪ್ಪಿಗೆ ಅಂತಲೇ ಓದಿಕೊಳ್ಳಿ.

ಮೋಟರ್ ಓಡದಿದ್ದರೆ ಎಲೆಕ್ಟ್ರಿಷಿಯನ್ ಮೊದಲು ಮೋಟರ್ ಬಿಚ್ಚುವುದಿಲ್ಲ. ಕರೆಂಟ್ ಇದೆಯಾ, ಫ್ಯೂಸ್ ಹೋಗಿದೆಯಾ, ವೈರ್ ಕಿತ್ತಿದೆಯಾ ಅಂತ ನೋಡುತ್ತಾನೆ. ನಾವು ಮಾತ್ರ ಉತ್ತರ ಬರಲಿಲ್ಲ ಅಂದ ಕೂಡಲೇ ‘ನನ್ನ ಇಂಗ್ಲಿಷ್ ಸರಿಯಿಲ್ಲ’ ಅಂತ ಮೋಟರನ್ನೇ ಬಿಚ್ಚಲು ಕೂರುತ್ತೇವೆ. ನಾನು ನೋಡಿದ ಮಟ್ಟಿಗೆ ಭಾಷೆಯ ತಪ್ಪಿನಿಂದ ಪಕ್ಕಕ್ಕೆ ಹೋದ ಅರ್ಜಿ ತೀರಾ ಕಡಿಮೆ. ಏನು ಹೇಳಬೇಕೋ ಅದು ಕಾಣುವ ಜಾಗದಲ್ಲಿ ಇಲ್ಲದೆ ಪಕ್ಕಕ್ಕೆ ಹೋದದ್ದೇ ಜಾಸ್ತಿ.

ಲಕ್ಷಣ: ಇಪ್ಪತ್ತು ಕಡೆ ಹಾಕಿದೆ, ಎಲ್ಲಿಂದಲೂ ಸದ್ದಿಲ್ಲ

ಮೊದಲು ಅರ್ಜಿ ತಲುಪಿದೆಯಾ ನೋಡಿ. ಕಳಿಸಿದ ಮೇಲ್ ತೆರೆದು ಫೈಲ್ ನಿಜವಾಗಿ ಅಂಟಿದೆಯಾ ಅಂತ ಕಣ್ಣಾರೆ ನೋಡಿ. ‘ಬಯೋಡೇಟಾ ಲಗತ್ತಿಸಿದೆ’ ಅಂತ ಬರೆದು ಲಗತ್ತಿಸದೇ ಕಳಿಸಿದವರು ಎಷ್ಟೋ ಮಂದಿ. ಹತ್ತಾರು ಸರ್ಟಿಫಿಕೇಟ್‌ಗಳ ಫೋಟೋ ತೆಗೆದು ಒಟ್ಟಿಗೆ ತುರುಕಿದರೆ ಇನ್ನೊಂದು ಕಷ್ಟ. ಜಿಮೇಲ್‌ನಲ್ಲಿ ಒಂದು ಮೇಲ್‌ಗೆ 25 ಎಂಬಿ ತನಕ ಮಾತ್ರ ಅಂಟಿಸಬಹುದು. ಅದಕ್ಕೂ ಜಾಸ್ತಿ ಆದರೆ ಫೈಲ್ ಬದಲು ಡ್ರೈವ್ ಲಿಂಕ್ ಹೋಗುತ್ತದೆ. ಆ ಲಿಂಕಿಗೆ ನೀವು ಅನುಮತಿ ಕೊಡದಿದ್ದರೆ ಅತ್ತ ಕಡೆಯವರಿಗೆ ಬೀಗ ಹಾಕಿದ ಬಾಗಿಲು ಕಾಣುತ್ತದೆ. ಮೊದಲ ಸಲಕ್ಕೆ ಸರ್ಟಿಫಿಕೇಟ್ ಬೇಡವೇ ಬೇಡ, ಕೇಳಿದಾಗ ಕಳಿಸಿ. ಆಧಾರ್ ಪ್ರತಿಯಂತೂ ಸುಮ್ನೆ ಕಂಡ ಕಡೆಯೆಲ್ಲ ಕಳಿಸಬೇಡಿ. ಕೊಡಲೇಬೇಕಾಗಿ ಬಂದರೆ 12 ಅಂಕಿಯಲ್ಲಿ ಕೊನೆಯ 4 ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಇದೆ, ಅದನ್ನು ಕೊಡಿ.

ಆಮೇಲೆ ಫೋನ್ ನಂಬರ್. 10 ಅಂಕಿ ಎಣಿಸಿ. ನಗಬೇಡಿ, 9 ಅಂಕಿ ಇದ್ದ ಒಂದು ಅರ್ಜಿ ಬಂದಿತ್ತು. ಒಳ್ಳೆ ಫಿಟ್ಟರ್ ಇದ್ದ ಹಾಗಿತ್ತು, ಏನು ಮಾಡೋಣ? ಎರಡು ನಂಬರ್ ಕೊಡುವವರೂ ಇದ್ದಾರೆ. ಎರಡನೆಯದು ಅಪ್ಪನದು. ಅಪ್ಪ ತೋಟದಲ್ಲಿ ಫೋನ್ ಎತ್ತಿ ‘ಅವನು ಇಲ್ಲ’ ಅಂತ ಇಟ್ಟುಬಿಡುತ್ತಾರೆ. ಅಲ್ಲಿಗೆ ಕಥೆ ಮುಗೀತು. ನೀವೇ ಎತ್ತುವ ಒಂದು ನಂಬರ್ ಸಾಕು.

ಫೈಲಿನ ಹೆಸರು ‘ಹೊಸ ಬಯೋಡೇಟಾ ಫೈನಲ್ 2’ ಅಂತ ಇದ್ದರೆ ಬದಲಿಸಿ. ನಿಮ್ಮ ಹೆಸರು, ಹುದ್ದೆಯ ಹೆಸರು, ಅಷ್ಟಿರಲಿ. ನನ್ನ ಡೌನ್‌ಲೋಡ್ ಫೋಲ್ಡರಿನಲ್ಲಿ ಬರೀ ‘ಬಯೋಡೇಟಾ’ ಅನ್ನುವ ಫೈಲ್‌ಗಳೇ ನಲವತ್ತು ಇರುತ್ತಿದ್ದವು. ಹುಡುಕುವಷ್ಟು ತಾಳ್ಮೆ ಇರುತ್ತಿರಲಿಲ್ಲ, ನಿಜ ಹೇಳಬೇಕಂದರೆ.

ಲಕ್ಷಣ: ಫೈಲ್ ತೆರೆಯುತ್ತದೆ, ಅಕ್ಷರ ಚಿತ್ರಾನ್ನ

ಇದು ಕನ್ನಡದಲ್ಲಿ ಅರ್ಜಿ ಹಾಕುವವರಿಗೇ ಬರುವ ವಿಶೇಷ ಕಾಯಿಲೆ. ಅಂಗಡಿಗಳಲ್ಲಿ ಈಗಲೂ ‘ನುಡಿ’ ಅಥವಾ ‘ಬರಹ’ ಅನ್ನುವ ಸಾಫ್ಟ್‌ವೇರಿನ ಹಳೇ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವರ್ಡ್ ಫೈಲ್ ತೆರೆದರೆ ಕನ್ನಡ ಹೋಗಿ, ತಲೆ ಮೇಲೆ ಗೀಟು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಾರಣ ಸರಳ. ಹಳೇ ಪದ್ಧತಿಯಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷಿನ ಸಂಕೇತಗಳನ್ನೇ. ಅದಕ್ಕೆ ಕನ್ನಡದ ವೇಷ ಹಾಕುವುದು ಫಾಂಟು. ಫಾಂಟ್ ಇಲ್ಲ ಅಂದರೆ ವೇಷ ಕಳಚಿತು.

ಪಿಡಿಎಫ್ ಮಾಡಿದರೆ ಫಾಂಟ್ ಸಾಮಾನ್ಯವಾಗಿ ಜೊತೆಗೇ ಹೋಗುತ್ತದೆ, ನೋಡಲು ಚೆನ್ನಾಗೇ ಇರುತ್ತದೆ. ಆದರೆ ಅದರಿಂದ ಒಂದು ಸಾಲು ಕಾಪಿ ಮಾಡಿದರೆ ಮತ್ತೆ ಅದೇ ರಾಶಿ. ಹುಡುಕಿದರೂ ಸಿಗುವುದಿಲ್ಲ. ಪರಿಹಾರ ಅಂದರೆ ಯೂನಿಕೋಡ್, ಕನ್ನಡದ ಅಕ್ಷರಗಳಿಗೇ ಸ್ವಂತ ಸಂಕೇತ ಇರುವ ಪದ್ಧತಿ. ಫೋನಿನ ಕೀಬೋರ್ಡಿನಲ್ಲಿ ಕನ್ನಡ ಒತ್ತಿದರೆ ಬರುವುದು ಅದೇ. ಅಂಗಡಿಯಲ್ಲಿ ಮಾಡಿಸುವುದಾದರೆ ‘ಯೂನಿಕೋಡ್‌ನಲ್ಲಿ ಮಾಡಿ’ ಅಂತ ಬಾಯಿಬಿಟ್ಟು ಹೇಳಿ. ಹಳೇ ಫೈಲನ್ನು ಬದಲಿಸುವ ಕನ್ವರ್ಟರ್‌ಗಳೂ ಇವೆ. ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಮಾತ್ರ ಆಮೇಲೆ ಒಂದು ಸಲ ಓದಿ ನೋಡಿ.

ಇಂಗ್ಲಿಷ್ ಅರ್ಜಿಗೂ ಒಂದು ಪರೀಕ್ಷೆ ಇದೆ. ಪಿಡಿಎಫ್ ತೆರೆದು ಪೂರ್ತಿ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ವಾಟ್ಸಾಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಏನೂ ಸೆಲೆಕ್ಟ್ ಆಗಲಿಲ್ಲವಾ? ಹಾಗಾದರೆ ಅದು ಬರೀ ಫೋಟೋ. ಸಾಲುಗಳು ಕಲಸಿ ಬಂದವಾ? ಹಾಗಾದರೆ ಎರಡು ಕಾಲಂ, ಬಣ್ಣದ ಡಬ್ಬಿ, ಟೇಬಲ್ ಮಾಡಿದ ಕೆಲಸ ಅದು. ದೊಡ್ಡ ಕಂಪನಿಗಳಲ್ಲಿ ಮೊದಲು ಸಾಫ್ಟ್‌ವೇರ್ ಓದುವುದು ಹೆಚ್ಚು ಕಡಿಮೆ ಹೀಗೇ. ಡಿಸೈನ್ ಬಿಟ್ಟು, ಒಂದೇ ಕಾಲಂ ಮಾಡಿ.

ಲಕ್ಷಣ: ಫೋನ್ ಬಂತು, ‘ಯಾವ ಪೋಸ್ಟಿಗೆ ಹಾಕಿದ್ರಿ?’ ಅಂತ ಕೇಳಿದರು

ವಿಷಯದ ಸಾಲು ಕೆಟ್ಟಿದೆ. ‘ವಿಷಯ: ಕೆಲಸ ಕೋರಿ ಅರ್ಜಿ’ ಅಂತ ಬರೆದರೆ ಓದುವವನಿಗೆ ಏನೂ ತಿಳಿಯುವುದಿಲ್ಲ. ಬಂದವರೆಲ್ಲ ಕೆಲಸ ಕೋರಿಯೇ ಬಂದವರು, ಅಲ್ವಾ? ‘ಸೂಕ್ತ ಹುದ್ದೆ’ ಅಂತ ಬರೆಯುವುದು ಇನ್ನೂ ಕೆಟ್ಟದ್ದು. ಯಾವುದು ಸೂಕ್ತ ಅಂತ ಹುಡುಕುವ ಕೆಲಸವನ್ನು ಅವರ ತಲೆಗೆ ಕಟ್ಟಿದ ಹಾಗೆ. ಹುದ್ದೆಯ ಹೆಸರನ್ನು ಅವರ ಜಾಹೀರಾತಿನಲ್ಲಿ ಇದ್ದ ಹಾಗೇ ಬರೆಯಿರಿ. ಪಕ್ಕದಲ್ಲಿ ಓದು, ಅನುಭವ. ಮುಗೀತು.

ಲಕ್ಷಣ: ಓದಿದರು, ಆದರೆ ಬೇರೆಯದೇ ಅರ್ಥ ಮಾಡಿಕೊಂಡರು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಿಜವಾದ ಬರವಣಿಗೆಯ ದೋಷ ಇರುವುದು ಇಲ್ಲಿ.

ಪೀಣ್ಯದಲ್ಲಿ ನಮಗೆ ಸಿಎನ್‌ಸಿ ಆಪರೇಟರ್, ಅಂದರೆ ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಲೋಹ ಕತ್ತರಿಸುವ ಮೆಷಿನ್ ಓಡಿಸುವವನು ಬೇಕಿತ್ತು. ಬಂದ ಅರ್ಜಿಗಳಲ್ಲಿ ಒಂದು ಹೆಚ್ಚು ಕಡಿಮೆ ಹೀಗಿತ್ತು:

‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಸವಿನಯವಾಗಿ ಕೇಳಿಕೊಳ್ಳುವುದೇನೆಂದರೆ, ನಾನು ಐಟಿಐ ವ್ಯಾಸಂಗವನ್ನು ಪೂರ್ಣಗೊಳಿಸಿದ್ದು, ಪ್ರತಿಷ್ಠಿತ ಕಂಪನಿಯೊಂದರಲ್ಲಿ ಯಂತ್ರಗಳ ನಿರ್ವಹಣೆ ಹಾಗೂ ಉತ್ಪಾದನೆಗೆ ಸಂಬಂಧಿಸಿದ ವಿವಿಧ ಕಾರ್ಯಗಳಲ್ಲಿ ಅಪಾರ ಅನುಭವ ಹೊಂದಿದ್ದು, ಪರಿಶ್ರಮಿಯೂ ಪ್ರಾಮಾಣಿಕನೂ ಆಗಿದ್ದು, ತಂಡದೊಂದಿಗೆ ಹೊಂದಿಕೊಂಡು ಹೋಗುವ ಮನೋಭಾವವುಳ್ಳವನಾಗಿದ್ದು, ತಾವುಗಳು ದಯಮಾಡಿ ತಮ್ಮ ಸಂಸ್ಥೆಯಲ್ಲಿ ಸೂಕ್ತ ಹುದ್ದೆಯನ್ನು ಕರುಣಿಸಿದಲ್ಲಿ ತಮ್ಮ ಮನಸ್ಸಿಗೆ ತೃಪ್ತಿಯಾಗುವಂತೆ ಕಾರ್ಯನಿರ್ವಹಿಸುತ್ತೇನೆಂದು ಈ ಮೂಲಕ ಭರವಸೆ ನೀಡುತ್ತೇನೆ.’

ಒಂದೇ ವಾಕ್ಯ. ನಾಲ್ಕು ‘ದ್ದು’. ವ್ಯಾಕರಣದಲ್ಲಿ ತಪ್ಪು ತೋರಿಸಿ ನೋಡೋಣ, ಸಿಗುವುದಿಲ್ಲ. ಶಾಲೆಯಲ್ಲಿ ಪತ್ರಲೇಖನಕ್ಕೆ ಪೂರ್ತಿ ಅಂಕ ಬರುತ್ತಿತ್ತು.

ನಮ್ಮ ಸೂಪರ್‌ವೈಸರ್ ಇದನ್ನು ಓದಿ ಮೇಂಟೆನೆನ್ಸ್ ಕಟ್ಟಿಗೆ ಹಾಕಿದರು. ‘ಯಂತ್ರಗಳ ನಿರ್ವಹಣೆ’ ಅಂತ ಇತ್ತಲ್ಲ! ಕಾರ್ಖಾನೆಯಲ್ಲಿ ನಿರ್ವಹಣೆ ಅಂದರೆ ಮೇಂಟೆನೆನ್ಸ್, ಮೆಷಿನ್ ರಿಪೇರಿ ನೋಡುವ ಕೆಲಸ. ಹುಡುಗ ಹೇಳಲು ಹೊರಟದ್ದು ‘ಮೆಷಿನ್ ಓಡಿಸುತ್ತೇನೆ’ ಅಂತ. ‘ಓಡಿಸು’ ಅನ್ನುವುದು ಅವನಿಗೆ ಅರ್ಜಿಗೆ ತಕ್ಕ ಮರ್ಯಾದೆಯ ಪದ ಅನ್ನಿಸಲಿಲ್ಲ. ಮರ್ಯಾದೆ ಕೊಡಲು ಹೋಗಿ ಕೆಲಸವೇ ಬದಲಾಯಿತು.

ನನಗೆ ಯಾಕೋ ಅನುಮಾನ ಬಂತು, ಫೋನ್ ಮಾಡಿದೆ. ‘ಅಲ್ಲಿ ಏನ್ ಮಾಡ್ತೀಯಪ್ಪಾ?’ ಅಂದೆ. ಅವನು ಒಂದೇ ಉಸಿರಿಗೆ ಹೇಳಿದ. ‘ಟರ್ನಿಂಗ್ ಸೆಂಟರ್ ಓಡಿಸ್ತೀನಿ ಸರ್. ಎರಡು ಮೆಷಿನ್ ನಾನೊಬ್ಬನೇ ನೋಡ್ಕೋತೀನಿ. ಫ್ಯಾನುಕ್ ಕಂಟ್ರೋಲ್. ಆಫ್‌ಸೆಟ್ ನಾನೇ ಕೊಡ್ತೀನಿ. ಪ್ರೋಗ್ರಾಂ ಬರೆಯಕ್ಕೆ ಬರಲ್ಲ, ತಿದ್ತೀನಿ. ಶಾಫ್ಟ್ ಕೆಲಸ ಜಾಸ್ತಿ, 20 ಮೈಕ್ರಾನ್ ಒಳಗೆ ಹಿಡೀತೀನಿ.’

ಟರ್ನಿಂಗ್ ಸೆಂಟರ್ ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಸಿಎನ್‌ಸಿ ಮೆಷಿನ್. ಫ್ಯಾನುಕ್ ಅದರ ಕಂಟ್ರೋಲ್ ಮಾಡುವ ಕಂಪನಿ. ಆಫ್‌ಸೆಟ್ ಅಂದರೆ ಟೂಲಿನ ಅಳತೆ ಹೊಂದಿಸುವುದು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅರ್ಜಿ ಅಂದರೆ ಅವನ ಈ ಮಾತೇ. ಇದರಲ್ಲಿ ಒಂದು ಪದವೂ ಕಾಗದದ ಮೇಲೆ ಇರಲಿಲ್ಲ.

ಈ ದೋಷ ನಿಮ್ಮಲ್ಲಿ ಇದೆಯಾ ಅಂತ ನೋಡಲು ನಾನು ಮೂರು ಪರೀಕ್ಷೆ ಮಾಡುತ್ತೇನೆ. ಮೊದಲನೆಯದು ‘ದ್ದು’ ಪರೀಕ್ಷೆ. ಮಾಡಿದ್ದು, ಹೊಂದಿದ್ದು, ಆಗಿದ್ದು ಅಂತ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿ. ಒಂದೊಂದು ಸುತ್ತಿನ ಜಾಗದಲ್ಲೂ ಪೂರ್ಣವಿರಾಮ ಇಡಿ. ‘ಐಟಿಐ ಮುಗಿಸಿದ್ದೇನೆ.’ ನಿಂತಿತು ವಾಕ್ಯ. ಹೀಗೆ ತುಂಡು ಮಾಡಿದಾಗ ಯಾವ ತುಂಡಿನಲ್ಲಿ ಹುರುಳಿಲ್ಲ ಅಂತ ತಾನೇ ಕಾಣುತ್ತದೆ. ಉದ್ದ ವಾಕ್ಯದಲ್ಲಿ ಪೊಳ್ಳು ಅಡಗಿಕೊಳ್ಳುತ್ತದೆ, ಚಿಕ್ಕದರಲ್ಲಿ ಜಾಗ ಸಿಗುವುದಿಲ್ಲ.

ಎರಡನೆಯದು ಹೆಸರು ಬದಲಿಸುವ ಪರೀಕ್ಷೆ. ನಿಮ್ಮ ಹೆಸರು ಅಳಿಸಿ ಪಕ್ಕದ ಮನೆಯವನ ಹೆಸರು ಹಾಕಿ. ವಾಕ್ಯ ಅವನಿಗೂ ಒಪ್ಪಿದರೆ ಅದನ್ನು ಹೊಡೆದು ಹಾಕಿ. ‘ಪರಿಶ್ರಮಿ, ಪ್ರಾಮಾಣಿಕ’ ಯಾರಿಗೆ ಒಪ್ಪುವುದಿಲ್ಲ ಹೇಳಿ? ಸೋಮಾರಿ ಕೂಡ ಅದನ್ನೇ ಬರೆಯುತ್ತಾನೆ. ಈಗಂತೂ ಚಾಟ್‌ಬಾಟ್ ಕೈಲಿ ಬರೆಸಿದ ಇಂಗ್ಲಿಷ್ ಅರ್ಜಿಗಳು ಬರುತ್ತವೆ. ಎಲ್ಲರೂ ಡೈನಾಮಿಕ್, ಎಲ್ಲರೂ ರಿಸಲ್ಟ್ ಓರಿಯೆಂಟೆಡ್. ನಮ್ಮ ಅಂಗಡಿಯ ಆ ಹಳೇ ಫೈಲೇ ಕೋಟು ಹಾಕಿಕೊಂಡು ಬಂದ ಹಾಗಿರುತ್ತದೆ. ಎರಡು ಮೆಷಿನ್, ಫ್ಯಾನುಕ್, 20 ಮೈಕ್ರಾನ್, ಇವು ಪಕ್ಕದ ಮನೆಯವನಿಗೆ ಒಪ್ಪುವುದಿಲ್ಲ. ಹಾಗಾಗಿ ಇವು ಉಳಿಯಬೇಕು.

ಮೂರನೆಯದು ಬಾಯಿಯ ಪರೀಕ್ಷೆ. ಈ ಪದವನ್ನು ನೀವು ಕೆಲಸದ ಜಾಗದಲ್ಲಿ ಬಾಯಿಬಿಟ್ಟು ಹೇಳುತ್ತೀರಾ? ‘ಕಾರ್ಯನಿರ್ವಹಿಸಿರುತ್ತೇನೆ’ ಅಂತ ಕ್ಯಾಂಟೀನಿನಲ್ಲಿ ಯಾರೂ ಹೇಳಿದ್ದು ಕೇಳಿಲ್ಲ. ‘ಕೆಲಸ ಮಾಡಿದ್ದೇನೆ’ ಅಂತ ಬರೆದರೆ ಸಾಕು. ಆ ‘ಇರುತ್ತೇನೆ’ ಆಫೀಸಿನ ಟಿಪ್ಪಣಿಗಳಿಂದ ನಮಗೆ ಅಂಟಿಕೊಂಡ ಗೀಳು. ‘ಪದವಿ ಪಡೆದಿರುತ್ತೇನೆ’ ಅಂದರೆ ದಿನಾ ಪಡೆಯುತ್ತಲೇ ಇದ್ದೀರಾ? ‘ಸದರಿ’, ‘ವತಿಯಿಂದ’, ‘ತಾವುಗಳು’, ‘ಈ ಮೂಲಕ’, ಇವನ್ನೂ ತೆಗೆದು ನೋಡಿ. ಅರ್ಥ ಒಂದಿಷ್ಟೂ ಅಲುಗಾಡುವುದಿಲ್ಲ.

ಬರೆಯಲು ಕೂತರೆ ಕೈ ಹಳೇ ದಾರಿಗೇ ಹೋಗುತ್ತದೆ ಅನ್ನುವವರಿಗೆ ಒಂದು ಉಪಾಯ. ತಮ್ಮನನ್ನೋ ಗೆಳೆಯನನ್ನೋ ಕೂರಿಸಿಕೊಂಡು ‘ಏನ್ ಕೆಲಸ ಮಾಡ್ತೀಯ?’ ಅಂತ ಕೇಳಲು ಹೇಳಿ. ಉತ್ತರ ಹೇಳುವಾಗ ಫೋನಿನ ವಾಯ್ಸ್ ಟೈಪಿಂಗ್ ಒತ್ತಿ. ಬಂದದ್ದನ್ನು ಬರಹದ ಕನ್ನಡಕ್ಕೆ ತಿದ್ದಿ. ಆ ಹುಡುಗನ ಮಾತನ್ನು ನಾನು ತಿದ್ದಿ, ಉಳಿದ ವಿವರ ಕೇಳಿ ಸೇರಿಸಿದರೆ ಹೀಗಾಗುತ್ತದೆ:

‘ವಿಷಯ: ಸಿಎನ್‌ಸಿ ಆಪರೇಟರ್ ಹುದ್ದೆ, ಐಟಿಐ ಟರ್ನರ್, 3 ವರ್ಷ ಅನುಭವ

ಮಾನ್ಯರೇ,

ನಿಮ್ಮ ಸಿಎನ್‌ಸಿ ಆಪರೇಟರ್ ಹುದ್ದೆಗೆ ಅರ್ಜಿ ಹಾಕುತ್ತಿದ್ದೇನೆ. ಟರ್ನರ್ ಟ್ರೇಡಿನಲ್ಲಿ ಐಟಿಐ ಮುಗಿಸಿದ್ದೇನೆ. 3 ವರ್ಷದಿಂದ ಫ್ಯಾನುಕ್ ಕಂಟ್ರೋಲಿನ ಎರಡು ಟರ್ನಿಂಗ್ ಸೆಂಟರ್ ಓಡಿಸುತ್ತಿದ್ದೇನೆ. ಟೂಲ್ ಆಫ್‌ಸೆಟ್ ನಾನೇ ಕೊಡುತ್ತೇನೆ. ಪ್ರೋಗ್ರಾಂ ತಿದ್ದಲು ಬರುತ್ತದೆ, ಹೊಸದಾಗಿ ಬರೆಯಲು ಬರುವುದಿಲ್ಲ. 20 ಮೈಕ್ರಾನ್ ಒಳಗಿನ ಶಾಫ್ಟ್ ಕೆಲಸ ಮಾಡಿದ್ದೇನೆ. ರಾತ್ರಿ ಪಾಳಿ ಆಗುತ್ತದೆ. ಈಗಿನ ಕಡೆ 15 ದಿನ ನೋಟಿಸ್ ಕೊಟ್ಟು ಸೇರಬಹುದು. ಬಯೋಡೇಟಾ ಜೊತೆಗಿದೆ.’

‘ಬರೆಯಲು ಬರುವುದಿಲ್ಲ’ ಅಂತ ಹಾಕಿದರೆ ಕೆಲಸ ತಪ್ಪುವುದಿಲ್ಲವಾ ಅಂತ ಕೇಳುತ್ತಾರೆ. ನನ್ನ ಅನುಭವ ಉಲ್ಟಾ. ಬರದೇ ಇರುವುದನ್ನು ಒಂದು ಸಾಲಿನಲ್ಲಿ ಹೇಳಿದವನ ಉಳಿದ ಸಾಲುಗಳನ್ನು ನಮ್ಮ ಸೂಪರ್‌ವೈಸರ್ ನಂಬುತ್ತಿದ್ದರು. ಹೇಗಿದ್ದರೂ ಮೆಷಿನ್ ಮುಂದೆ ನಿಲ್ಲಿಸಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ.

ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಅನ್ನುವ ಪ್ರಶ್ನೆಗೆ ನನ್ನದು ಸುಲಭದ ಉತ್ತರ. ಜಾಹೀರಾತು ಯಾವ ಭಾಷೆಯಲ್ಲಿ ಇದೆಯೋ ಆ ಭಾಷೆ. ಇಂಗ್ಲಿಷ್ ಆದರೆ ಮೇಲಿನ ವಾಕ್ಯಗಳನ್ನೇ ಒಂದೊಂದಾಗಿ ದಾಟಿಸಿ. ವಾಕ್ಯ ಚಿಕ್ಕದಿದ್ದರೆ ತಪ್ಪಿಗೂ ಜಾಗ ಕಡಿಮೆ.

ಲಕ್ಷಣ: ಬಯೋಡೇಟಾ ಮೂರು ಪುಟ, ಮುಖ್ಯವಾದದ್ದು ಮೂರನೇ ಪುಟದಲ್ಲಿ

ಮದುವೆಯ ಬಯೋಡೇಟಾ ಬೇರೆ, ಕೆಲಸದ್ದು ಬೇರೆ. ರಾಶಿ, ನಕ್ಷತ್ರ ಬರೆದಿದ್ದ ಒಂದು ನನ್ನ ಕೈಗೆ ಬಂದಿತ್ತು. ವೆಲ್ಡರ್ ಹುದ್ದೆಗೆ! ಅಷ್ಟು ದೂರ ಹೋಗದಿದ್ದರೂ ತಂದೆಯ ಕಸುಬು, ಜಾತಿ, ಎತ್ತರ, ಮದುವೆ ಆಗಿದೆಯಾ ಇಲ್ಲವಾ ಅಂತ ಮೊದಲ ಅರ್ಧ ಪುಟ ತುಂಬುವವರು ಬಹಳ. ಕೇಳದಿದ್ದರೆ ಇವೆಲ್ಲ ಬೇಡ. ಮೊದಲು ಈಗಿನ ಕೆಲಸ, ಅದರ ಕೆಳಗೆ ಹಿಂದಿನದು, ಆಮೇಲೆ ಓದು. ಎಸ್ಸೆಸ್ಸೆಲ್ಸಿಯಿಂದ ಶುರು ಮಾಡಿ ಮೇಲಕ್ಕೆ ಬರುವ ಅಭ್ಯಾಸ ಬಿಡಿ. ಹತ್ತು ವರ್ಷ ಕೆಲಸ ಮಾಡಿದವರಿಗೆ ಎಸ್ಸೆಸ್ಸೆಲ್ಸಿ ಒಂದು ಸಾಲು ಸಾಕು.

ಮಧ್ಯೆ ಒಂದು ವರ್ಷ ಖಾಲಿ ಇದ್ದರೆ ಅದನ್ನು ಮುಚ್ಚಲು ಪ್ಯಾರಾ ಬರೆಯಬೇಡಿ. ‘2021ರಲ್ಲಿ ಅಮ್ಮನ ಆರೈಕೆಗೆ ಊರಿನಲ್ಲಿದ್ದೆ’, ಅಷ್ಟೇ.

ಕೊನೆಯಲ್ಲಿ ‘ಮೇಲ್ಕಂಡ ಮಾಹಿತಿ ಸತ್ಯವೆಂದು ಪ್ರಮಾಣೀಕರಿಸುತ್ತೇನೆ’ ಅನ್ನುವ ಸಾಲನ್ನೂ ನೋಡಿ. ಅದರ ಕೆಳಗೆ ಹೋದ ವರ್ಷದ ತಾರೀಖು ಇದ್ದರೆ, ಇವನು ಒಂದು ವರ್ಷದಿಂದ ಇದನ್ನೇ ಕಳಿಸುತ್ತಿದ್ದಾನೆ ಅಂತ ಓದುವವನಿಗೆ ಗೊತ್ತಾಗುತ್ತದೆ. ಕೇಳಿಲ್ಲ ಅಂದರೆ ಆ ಸಾಲನ್ನೇ ತೆಗೆಯಿರಿ. ಹಾಗೇ ಬೇರೆ ಕಂಪನಿಯ ಹೆಸರು ಎಲ್ಲಾದರೂ ಉಳಿದಿದೆಯಾ ಅಂತ ಹುಡುಕಿ. ಅದು ಉಳಿದದ್ದನ್ನು ನೋಡಿ ನಾವು ಆಫೀಸಿನಲ್ಲಿ ನಕ್ಕಿದ್ದುಂಟು. ಕರೆದದ್ದು ಮಾತ್ರ ಇಲ್ಲ.

ಲಕ್ಷಣ: ಚಿಕ್ಕದು ಮಾಡಿದೆ, ಆದರೂ ಉತ್ತರವಿಲ್ಲ

ಕತ್ತರಿ ಜಾಸ್ತಿ ಆಡಿರಬಹುದು. ‘ಸರ್ ಕೆಲಸ ಇದೆಯಾ’ ಅಂತ ವಾಟ್ಸಾಪ್ ಬಂದರೆ ನಾನು ಏನು ಉತ್ತರ ಕೊಡಲಿ? ‘3 ವರ್ಷ ಅನುಭವ’ ಅಂದರೆ ಯಾವುದರಲ್ಲಿ? ಚಿಕ್ಕದಾಗಿರುವುದೂ ಸ್ಪಷ್ಟವಾಗಿರುವುದೂ ಒಂದೇ ಅಲ್ಲ. ಯಾವುದನ್ನಾದರೂ ತೆಗೆಯುವ ಮುಂಚೆ, ಇದು ಇಲ್ಲದಿದ್ದರೆ ಅವರು ಫೋನ್ ಮಾಡಿ ಕೇಳಬೇಕಾಗುತ್ತದಾ ಅಂತ ಯೋಚಿಸಿ. ಹೌದು ಅಂದರೆ ಅದು ಇರಬೇಕು. ಬಹಳ ಜನ ಫೋನ್ ಮಾಡಿ ಕೇಳುವುದಿಲ್ಲ, ಮುಂದಿನ ಅರ್ಜಿಗೆ ಹೋಗುತ್ತಾರೆ.

ಈ ಮದ್ದು ಹಿಡಿಯದ ಜಾಗ

ಸರ್ಕಾರಿ ಕೆಲಸದ ಲೆಕ್ಕ ಬೇರೆ. ಕೆಪಿಎಸ್‌ಸಿ, ಕೆಇಎ ಕಡೆಯ ಅರ್ಜಿಗಳಲ್ಲಿ ಬರವಣಿಗೆ ಅನ್ನುವುದೇ ಇಲ್ಲ, ಕಾಲಂ ತುಂಬುವುದು ಅಷ್ಟೇ. ಅಲ್ಲಿನ ದೋಷಗಳು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರಿಗೆ ಹೊಂದದ ಇನಿಷಿಯಲ್, ತಪ್ಪು ಮೀಸಲಾತಿ ಕಾಲಂ, ಇಂಥವು.

ಅನುಕಂಪದ ಆಧಾರದ ನೌಕರಿಗೆ ಬರೆಯುವಾಗಲೂ ನಾನು ಹೇಳಿದ್ದು ಸ್ವಲ್ಪ ಬದಲಾಗುತ್ತದೆ. ನಮ್ಮ ರಾಜ್ಯದಲ್ಲಿ ಅದಕ್ಕೆ 1996ರ ನಿಯಮಗಳಿವೆ. ಬೇರೆ ಅರ್ಜಿಯಲ್ಲಿ ಮನೆಯ ಕಷ್ಟ ಬರೆದರೆ ಓದುವವನಿಗೆ ಮುಜುಗರ. ಇಲ್ಲಿ ಅದೇ ವಿಷಯ. ಹಾಗಂತ ‘ದಿಕ್ಕಿಲ್ಲದ ಬಡ ಕುಟುಂಬ’ ಅಂತ ಶುರು ಮಾಡುವುದಲ್ಲ. ಯಾರು ತೀರಿಕೊಂಡರು, ಯಾವ ಇಲಾಖೆ, ಯಾವ ಹುದ್ದೆ, ಯಾವ ತಾರೀಖು, ನೀವು ಅವರಿಗೆ ಏನಾಗಬೇಕು, ಮನೆಯಲ್ಲಿ ಯಾರಿಗೆ ಏನು ಆದಾಯ. ಇಷ್ಟು ಮೊದಲ ಐದು ಸಾಲಿನಲ್ಲಿ ಬರಲಿ. ನಮ್ಮ ಅಂಗಡಿಗೆ ಬಂದ ಒಬ್ಬ ತಾಯಿ ಎರಡು ಪುಟ ಹೇಳಿ ಬರೆಸಿದರು. ತಾರೀಖು ಎಲ್ಲೂ ಬಂದಿರಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಅವರು ಮತ್ತೆ ಬಂದು ಹೊಸದಾಗಿ ಬರೆಸಬೇಕಾಯಿತು.

ಎಲ್ಲ ಸರಿ ಇದೆ, ಆದರೂ ಇಲ್ಲ

ಆಗ ದೋಷ ನಿಮ್ಮ ಕಡೆ ಇಲ್ಲದಿರಬಹುದು. ಜಾಹೀರಾತು ಹಾಕುವ ಹೊತ್ತಿಗೆ ಒಳಗಿನವರ ನೆಂಟನಿಗೆ ಕೆಲಸ ಆಗಿರುತ್ತದೆ. ಆರ್ಡರ್ ನಿಂತು ಹುದ್ದೆಯೇ ಹೋಗಿರುತ್ತದೆ. ಇದನ್ನೆಲ್ಲ ಯಾರೂ ನಿಮಗೆ ಬರೆದು ತಿಳಿಸುವುದಿಲ್ಲ. ನಾನೂ ತಿಳಿಸುತ್ತಿರಲಿಲ್ಲ, ಆ ಬಗ್ಗೆ ಈಗ ಬೇಜಾರಿದೆ.

ಒಂದು ವಾರ ಬಿಟ್ಟು ಒಂದೇ ಒಂದು ಸಲ ಕೇಳಿ. ಹಳೇ ಮೇಲ್‌ಗೇ ಉತ್ತರವಾಗಿ ಕಳಿಸಿ, ಆಗ ಮೊದಲ ಅರ್ಜಿಯೂ ಕೆಳಗೇ ಇರುತ್ತದೆ. ಇಷ್ಟು ಬರೆದರೆ ಸಾಕು: ‘ಮಾನ್ಯರೇ, 4ನೇ ತಾರೀಖು ಸಿಎನ್‌ಸಿ ಆಪರೇಟರ್ ಹುದ್ದೆಗೆ ಅರ್ಜಿ ಕಳಿಸಿದ್ದೆ. ಹುದ್ದೆ ಇನ್ನೂ ಖಾಲಿ ಇದೆಯೇ? ಸಂಜೆ 5ರ ನಂತರ ಫೋನ್ ಎತ್ತಲು ಆಗುತ್ತದೆ. ಅದಕ್ಕೂ ಮುಂಚೆ ಪಾಳಿಯಲ್ಲಿ ಇರುತ್ತೇನೆ.’